ಆಪರೇಷನ್ ಮುಗಿಯಿತು, ಮಾತ್ರೆ ಮುಗಿಯಲಿಲ್ಲ

ತೂಕ ಇಳಿಸುವ ಆಪರೇಷನ್ ಎಂದರೆ ಕೆಲ ವರ್ಷಗಳ ಹಿಂದಿನ ತನಕ ನಮ್ಮ ಕಡೆಯವರಿಗೆ ಪತ್ರಿಕೆಯಲ್ಲಿ ಓದುವ ಸುದ್ದಿಯಾಗಿತ್ತು. 2017ರಲ್ಲಿ ಈಜಿಪ್ಟಿನ ಇಮಾನ್ ಅಹ್ಮದ್ ಎಂಬ ಮಹಿಳೆಯನ್ನು ಸರಕು ವಿಮಾನದಲ್ಲಿ ಮುಂಬೈಗೆ ಕರೆತಂದು, ಸೈಫೀ ಆಸ್ಪತ್ರೆಯಲ್ಲಿ ಹೊಟ್ಟೆಯ ಗಾತ್ರ ಕಡಿಮೆ ಮಾಡಿದ್ದು ಹಲವರಿಗೆ ನೆನಪಿರಬಹುದು. ಅವರ ತೂಕ ಸುಮಾರು 500 ಕಿಲೋ ಎಂದು ಆಗ ಹೇಳಲಾಗಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಅಬುಧಾಬಿಯಲ್ಲಿ ತೀರಿಕೊಂಡರು. ಇಂಥ ಸುದ್ದಿ ಓದಿದವರಿಗೆ ಈ ಆಪರೇಷನ್ ಹಾಸಿಗೆಯಿಂದ ಏಳಲಾಗದವರಿಗೆ ಮಾತ್ರ ಎಂದು ಅನಿಸುವುದು ಸಹಜ.

ಹಾಗೇನೂ ಇಲ್ಲ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು, ತೂಕದಿಂದ ಕೆಟ್ಟ ಮೊಣಕಾಲು, ಪಿಸಿಒಡಿಯಿಂದ ಮಕ್ಕಳಾಗದಿರುವುದು - ಇಂಥ ಕಾರಣಗಳಿಗಾಗಿ ಈಗ ನೂರು, ನೂರಿಪ್ಪತ್ತು ಕಿಲೋ ತೂಕದ ಸಾಮಾನ್ಯ ಮನೆಯವರೂ ಇದಕ್ಕೆ ಹೋಗುತ್ತಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಅದೇ ಸಮೀಕ್ಷೆಯಲ್ಲಿ ಶೇ. 57ರಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೈ ದಪ್ಪ ಇದ್ದವರ ರಕ್ತವೂ ಗಟ್ಟಿ ಇರುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಇರುವ ದೊಡ್ಡ ತಪ್ಪು ಕಲ್ಪನೆ. ದಪ್ಪ ಇದ್ದವರಲ್ಲೂ ಕಬ್ಬಿಣಾಂಶ, ವಿಟಮಿನ್ ಡಿ, ಬಿ12 ಕೊರತೆ ಆಪರೇಷನ್ನಿಗೆ ಮೊದಲೇ ಇರುವುದು ಸಾಮಾನ್ಯ. ಆಪರೇಷನ್ ಆ ಕೊರತೆಯ ಮೇಲೆ ಇನ್ನೊಂದು ಹೊರೆ ಹಾಕುತ್ತದೆ.

ಇಲ್ಲೊಂದು ಗೊಂದಲ ಬಗೆಹರಿಸಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಮೃತಪಟ್ಟರು. ಆಗ ‘ತೂಕ ಇಳಿಸುವ ಆಪರೇಷನ್’ ಎಂದರೇನೇ ಜನ ಹೆದರಿದರು. ಅದು ಅಂದಕ್ಕಾಗಿ ಚರ್ಮದಡಿಯ ಕೊಬ್ಬನ್ನು ತೆಗೆಯುವ ವಿಧಾನ. ಈ ಲೇಖನದ ವಿಷಯ ಬೇರೆ. ಇದು ಜಠರವನ್ನೇ ಕಿರಿದುಗೊಳಿಸುವ, ಕೆಲವೊಮ್ಮೆ ಕರುಳಿನ ದಾರಿಯನ್ನೂ ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ. ಮಾಡಿಸಬೇಕೋ ಬೇಡವೋ ಎಂಬ ಚರ್ಚೆಯನ್ನೂ ಇಲ್ಲಿ ಮಾಡುತ್ತಿಲ್ಲ. ಅದು ರೋಗಿ ಮತ್ತು ವೈದ್ಯರು ಕೂಡಿ ತೀರ್ಮಾನಿಸುವ ಮಾತು. ಮಾಡಿಸಿಕೊಂಡು ಮನೆಗೆ ಬಂದವರ ಬಗ್ಗೆಯೇ ಈ ಮಾತೆಲ್ಲ.

ಏಕೆಂದರೆ ಆಪರೇಷನ್ ನಡೆಯುವುದು ದೊಡ್ಡ ಊರಿನಲ್ಲಿ, ಅದರ ನಂತರದ ಬದುಕು ನಡೆಯುವುದು ನಮ್ಮ ಊರಿನಲ್ಲಿ. ಸಿಂದಗಿ ತಾಲೂಕಿನ ಮೋರಟಗಿಯ ಒಬ್ಬ ಮಹಿಳೆ ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದರು ಎಂದುಕೊಳ್ಳಿ. ನಾಲ್ಕನೇ ದಿನ ಡಿಸ್ಚಾರ್ಜ್. ಕೈಯಲ್ಲೊಂದು ಫೈಲು, ಆಹಾರದ ಪಟ್ಟಿ, ಮೂರು ತಿಂಗಳ ಮಾತ್ರೆ. ಆಮೇಲೆ ವಾಂತಿಯಾದರೆ, ಸುಸ್ತಾದರೆ, ಬಸಿರಾದರೆ, ರಮಝಾನ್ ಬಂದರೆ, ಎಲ್ಲವೂ ಮೋರಟಗಿಯಲ್ಲೇ. ಎಂಟು ತಿಂಗಳಲ್ಲಿ ಮೂವತ್ತು ಕಿಲೋ ಇಳಿದಿರುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿರುತ್ತದೆ, ಮೆಟ್ಟಿಲು ಹತ್ತಲು ಕಷ್ಟವಾಗುವುದಿಲ್ಲ. ಪಕ್ಕದ ಮನೆಯವರು ಕೇಳುತ್ತಾರೆ: “ತೂಕ ಇಳದೈತಲ್ಲವಾ, ಇನ್ನ ಗುಳಿಗಿ ಯಾಕ?” ಇಡೀ ಅಪಾಯ ಈ ಪ್ರಶ್ನೆಯಲ್ಲೇ ಅಡಗಿದೆ.

ಹೊಟ್ಟೆಯೊಳಗೆ ಬದಲಾದದ್ದೇನು?

ಸಾಮಾನ್ಯವಾಗಿ ಎರಡು ಬಗೆಯ ಆಪರೇಷನ್ ನಡೆಯುತ್ತವೆ. ಮೊದಲನೆಯದು ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟೇ ಉಳಿಯುತ್ತದೆ. ಎರಡನೆಯದು ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣದೊಂದು ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಂಡ ಅನ್ನ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಹೃದಯದ ಬೈಪಾಸಿಗೂ ಇದಕ್ಕೂ ಸಂಬಂಧವಿಲ್ಲ. ಡಾಕ್ಟರ ಮುಂದೆ ಬರೀ “ಬೈಪಾಸ್ ಆಗಿದೆ” ಎಂದರೆ ಅವರು ಹೃದಯ ಎಂದೇ ತಿಳಿಯಬಹುದು. “ಹೊಟ್ಟೆಯ ಬೈಪಾಸ್” ಎಂದು ಬಿಡಿಸಿ ಹೇಳಿ.

ಅಲ್ಲಾಹನು ನಮ್ಮ ದೇಹದಲ್ಲಿ ಪ್ರತಿಯೊಂದು ಪೋಷಕಾಂಶ ಒಳಸೇರಲು ಒಂದೊಂದು ಬಾಗಿಲು ಇಟ್ಟಿದ್ದಾನೆ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಸೇರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಆಹಾರ ಹಾಯದಿರುವುದು ಅದೇ ಭಾಗವನ್ನು. ಕಬ್ಬಿಣಾಂಶ ಕರಗಲು ಜಠರದ ಆಮ್ಲವೂ ಬೇಕು, ಸ್ಲೀವ್ ಆದವರಲ್ಲಿ ಅದು ಕಡಿಮೆ. ಅದರ ಮೇಲೆ ಎದೆಯುರಿಗೆಂದು ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳು ಇದ್ದ ಆಮ್ಲವನ್ನೂ ತಗ್ಗಿಸುತ್ತವೆ.

ಬಿ12ರ ದಾರಿ ಇನ್ನೂ ಉದ್ದ. ಅದು ಆಹಾರದಲ್ಲಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಮ್ಲ ಅದನ್ನು ಬಿಡಿಸಬೇಕು. ಬಳಿಕ ಜಠರದ ಗೋಡೆಯೇ ಸ್ರವಿಸುವ ‘ಇಂಟ್ರಿನ್ಸಿಕ್ ಫ್ಯಾಕ್ಟರ್’ ಎಂಬ ವಸ್ತು ಅದನ್ನು ಕೈಹಿಡಿದು ಸಣ್ಣ ಕರುಳಿನ ಕೊನೆಯ ಭಾಗದ ತನಕ ಕರೆದೊಯ್ಯಬೇಕು. ಅಲ್ಲಿ ಮಾತ್ರ ಅದಕ್ಕೆ ಬಾಗಿಲು. ಜಠರವೇ ಹೋದ ಮೇಲೆ ಕೈಹಿಡಿಯುವವರಾರು?

ಆದ್ದರಿಂದಲೇ “ನಾವು ಮಾಂಸ ತಿನ್ನುವವರು, ನಮಗೇಕೆ ಬಿ12 ಕೊರತೆ?” ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ತಟ್ಟೆಯಲ್ಲಿ ಮಟನ್ ಇದ್ದರೂ ಅದರ ಬಿ12 ರಕ್ತಕ್ಕೆ ತಲುಪುವ ವ್ಯವಸ್ಥೆ ಕೆಟ್ಟಿರುತ್ತದೆ. ಇನ್ನು ಆಪರೇಷನ್ ಆದ ಹಲವರಿಗೆ ಕೆಂಪು ಮಾಂಸ ತಿಂಗಳುಗಟ್ಟಲೆ ಹಿಡಿಸುವುದೂ ಇಲ್ಲ, ಎರಡು ತುತ್ತಿಗೆ ಎದೆ ಕಟ್ಟಿದಂತಾಗುತ್ತದೆ. ಶಕ್ತಿ ಬರಲಿ ಎಂದು ಮನೆಯವರು ಪಾಯಾ ಶೋರ್ವಾ ಕುಡಿಸುತ್ತಾರೆ. ಕುಡಿಯಲಿ, ಬಾಯಿಗೆ ಹಿತ. ಆದರೆ ಎಲುಬು ಬೇಯಿಸಿದ ಸಾರಿನಲ್ಲಿ ಕ್ಯಾಲ್ಸಿಯಂ ಇರುವುದು ತೀರಾ ಅಲ್ಪ. ಅದು ಮಾತ್ರೆಯ ಜಾಗ ತುಂಬುವುದಿಲ್ಲ. ಕಲೋಂಜಿ, ಜೇನುತುಪ್ಪದ ಮಾತೂ ಅಷ್ಟೇ. ಪ್ರವಾದಿ(ಸ)ರವರು ಅವುಗಳನ್ನು ಮೆಚ್ಚಿದ್ದಾರೆ, ಚಿಕಿತ್ಸೆ ಪಡೆಯಿರಿ ಎಂದೂ ಅವರೇ ಕಲಿಸಿದ್ದಾರೆ. ಕಲೋಂಜಿಯಲ್ಲಿ ಬಿ12 ಇಲ್ಲ.

ಎರಡು ವರ್ಷ ಏನೂ ಆಗುವುದಿಲ್ಲ, ಆಮೇಲೆ?

ಬಿ12ರ ವಿಷಯದಲ್ಲಿ ಮೋಸ ಹೋಗುವುದು ಸುಲಭ. ನಮ್ಮ ಯಕೃತ್ತು ಅಂದರೆ ಕಲೇಜಿ ಅದನ್ನು ವರ್ಷಗಳಿಗೆ ಸಾಲುವಷ್ಟು ಕೂಡಿಟ್ಟಿರುತ್ತದೆ. ದಿನಕ್ಕೆ ಬೇಕಾಗುವುದು ಎರಡೂವರೆ ಮೈಕ್ರೋಗ್ರಾಂನಷ್ಟು ಮಾತ್ರ. ಹೀಗಾಗಿ ಮಾತ್ರೆ ಬಿಟ್ಟವರಿಗೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ, ಏನೂ ಆಗುವುದಿಲ್ಲ. ‘ನೋಡು, ಬಿಟ್ಟೇ ಬಿಟ್ಟೆ, ಏನೂ ಆಗಲಿಲ್ಲ’ ಎಂದು ಧೈರ್ಯ ಬರುತ್ತದೆ. ಆ ಬಳಿಕ ಅಂಗಾಲು ಜೋಮು ಹಿಡಿಯುವುದು, ಕೈಬೆರಳಿಗೆ ಸೂಜಿ ಚುಚ್ಚಿದಂತಾಗುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ನಾಲಿಗೆ ಉರಿ, ಮರೆವು, ಕಾರಣವಿಲ್ಲದ ಸಿಡುಕು ಶುರುವಾಗುತ್ತವೆ. ಮನೆಯವರು ನಜರ್ ತಾಗಿದೆ ಎನ್ನಬಹುದು, ಸಕ್ಕರೆ ಕಾಯಿಲೆಯ ನರದೋಷ ಎನ್ನಬಹುದು. ನರ ಹಾಳಾಗಿ ಹೆಚ್ಚು ಕಾಲವಾದರೆ ಬಿ12 ಕೊಟ್ಟರೂ ಪೂರ್ತಿ ಸರಿಯಾಗದೆ ಉಳಿಯಬಹುದು.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದಿರಬೇಕು. ಆ ಮಾತ್ರೆಯೂ ಬಿ12 ಸೇರುವುದನ್ನು ತಗ್ಗಿಸುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುವ ಕೆಂಪು ಗುಳಿಗಿ ನಮ್ಮ ಹೆಣ್ಣುಮಕ್ಕಳಿಗೆ ಪರಿಚಿತ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಒಳ್ಳೆಯ ಮಾತ್ರೆ. ಆದರೆ ಆಪರೇಷನ್ ಆದವರು ಅದೊಂದನ್ನೇ ನೆಚ್ಚಿಕೊಂಡರೆ, ಬಿ12 ಕೊರತೆಯಿಂದ ಬಂದ ರಕ್ತಹೀನತೆ ಫೋಲಿಕ್ ಆಮ್ಲದಿಂದ ಮೇಲ್ನೋಟಕ್ಕೆ ಸುಧಾರಿಸುತ್ತದೆ. ಹಿಮೋಗ್ಲೋಬಿನ್ ಏರಿದ್ದು ಕಂಡು ಎಲ್ಲರಿಗೂ ಸಮಾಧಾನವಾಗುತ್ತದೆ. ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಫೋಲಿಕ್ ಆಮ್ಲದ ಮಾತು ಬಂದಿತೆಂದು ಒಂದು ಇತಿಹಾಸ ಹೇಳಿಬಿಡುತ್ತೇನೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಆಗ ನಮ್ಮ ವಿಜಯಪುರವೂ ಮುಂಬೈ ಪ್ರಾಂತದಲ್ಲೇ ಇತ್ತು. ಬಟ್ಟೆ ಗಿರಣಿಯ ಬಸುರಿ ಹೆಣ್ಣುಮಕ್ಕಳು ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅದು ಬಡ ಮುಸ್ಲಿಂ ಮಹಿಳೆಯರಲ್ಲಿ ಹೆಚ್ಚೆಂದು ಅವರು ಗಮನಿಸಿದರು, ಅವರ ಊಟವನ್ನು ಪರಿಶೀಲಿಸಿದರು. ಕೊನೆಗೆ ಈಸ್ಟ್‌ನಿಂದ ಮಾಡಿದ ಅಗ್ಗದ ಪದಾರ್ಥವೊಂದು ಕಾಯಿಲೆ ಗುಣಪಡಿಸುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ ಎಂಬುದು ಆಮೇಲೆ ತಿಳಿಯಿತು. 1940ರ ದಶಕದಲ್ಲಿ ಅದನ್ನು ಅಮೆರಿಕದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಪ್ರತಿ ಬಸುರಿಯ ಕೈಗೆ ಬರುವ ಮಾತ್ರೆಯ ಹಿಂದೆ ಹೆಸರೂ ದಾಖಲಾಗದ ಆ ಮುಸ್ಲಿಂ ಹೆಣ್ಣುಮಕ್ಕಳ ಪಾಲೂ ಇದೆ.

ವಾಂತಿ ಮತ್ತು ಸಲಾಯಿನ್ ಬಾಟಲಿ

ಈ ಭಾಗವನ್ನು ದಯವಿಟ್ಟು ಮನೆಯವರೆಲ್ಲ ಓದಬೇಕು.

ಬಿ12 ವರ್ಷಗಟ್ಟಲೆ ಸಂಗ್ರಹವಿರುತ್ತದೆ ಎಂದೆನಲ್ಲ, ಬಿ1 ಅಂದರೆ ಥಯಾಮಿನ್ ಹಾಗಲ್ಲ. ದೇಹದಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕೆ ಮಾತ್ರ. ಆಪರೇಷನ್ ಆದ ಮೊದಲ ಮೂರು ತಿಂಗಳಲ್ಲಿ ಊಟ ಚಮಚದ ಲೆಕ್ಕದಲ್ಲಿರುತ್ತದೆ. ಆಗ ದಿನವೂ ವಾಂತಿ ಶುರುವಾದರೆ ಮಾತ್ರೆಯೂ ನಿಲ್ಲುವುದಿಲ್ಲ, ಊಟವೂ ನಿಲ್ಲುವುದಿಲ್ಲ. ರೋಗಿ ಬಾಡಿದ ಸೊಪ್ಪಿನಂತಾಗುತ್ತಾರೆ. ನಮ್ಮ ಕಡೆ ಆಗ ಏನು ಮಾಡುತ್ತೇವೆ? ಹತ್ತಿರದ ದವಾಖಾನೆಗೆ ಕರೆದೊಯ್ದು “ಒಂದು ಸಲಾಯಿನ್ ಹಚ್ಚಿರಿ ಸರ್” ಎನ್ನುತ್ತೇವೆ. ಸುಸ್ತಿಗೆ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ.

ಥಯಾಮಿನ್ ಖಾಲಿಯಾದ ದೇಹಕ್ಕೆ ಬರೀ ಗ್ಲೂಕೋಸ್ ಕೊಡುವುದು ಅಪಾಯ. ಗ್ಲೂಕೋಸ್ ಉರಿಸಿ ಶಕ್ತಿ ಪಡೆಯಲು ಜೀವಕೋಶಕ್ಕೆ ಥಯಾಮಿನ್ ಬೇಕೇ ಬೇಕು. ಉಳಿದಿದ್ದ ಚೂರುಪಾರನ್ನೂ ಆ ಗ್ಲೂಕೋಸ್ ಬಳಸಿಬಿಡುತ್ತದೆ, ಮೊದಲು ಪೆಟ್ಟು ಬೀಳುವುದು ಮೆದುಳಿಗೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ನಿಲ್ಲದೆ ಅಲುಗುವುದು, ನಡಿಗೆ ತಪ್ಪುವುದು, ಮಾತು ಅಸಂಬದ್ಧವಾಗುವುದು ಇದರ ಗುರುತುಗಳು. ಎಲ್ಲ ಗುರುತುಗಳೂ ಒಟ್ಟಿಗೆ ಕಾಣಬೇಕೆಂದಿಲ್ಲ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಪ್ರಾಣವೂ ಹೋಗಬಹುದು. ಸಮಯಕ್ಕೆ ಸರಿಯಾಗಿ ರಕ್ತನಾಳದ ಮೂಲಕ ಥಯಾಮಿನ್ ಕೊಟ್ಟರೆ ಅದೇ ರೋಗಿ ಚೇತರಿಸಿಕೊಳ್ಳುತ್ತಾರೆ. ಅದು ದುಬಾರಿ ಔಷಧವೂ ಅಲ್ಲ.

ಈ ಕಾಯಿಲೆಗೆ ವರ್ನಿಕೆ ಎಂಬ ಜರ್ಮನ್ ವೈದ್ಯರ ಹೆಸರಿದೆ. ಇದು ಹೆಚ್ಚಾಗಿ ಕಾಣುವುದು ಮದ್ಯವ್ಯಸನಿಗಳಲ್ಲಿ. ಹೀಗಾಗಿ ಬುರ್ಖಾ ತೊಟ್ಟ, ಜೀವನದಲ್ಲಿ ಮದ್ಯ ಮುಟ್ಟದ ಮಹಿಳೆ ಬಂದರೆ ಎಂಥ ವೈದ್ಯರಿಗೂ ಇದರ ನೆನಪಾಗದೆ ಹೋಗಬಹುದು. ಆದರೆ ವರ್ನಿಕೆ 1881ರಲ್ಲಿ ವರ್ಣಿಸಿದ ಮೊದಲ ಮೂವರು ರೋಗಿಗಳಲ್ಲಿ ಒಬ್ಬಳು ಕುಡುಕಿಯಾಗಿರಲಿಲ್ಲ. ಆಮ್ಲ ಕುಡಿದು ಜಠರ ಸುಟ್ಟುಕೊಂಡು, ನಿಲ್ಲದ ವಾಂತಿಯಿಂದ ಬಳಲಿದ ಎಳೆಯ ಪ್ರಾಯದ ಹೊಲಿಗೆಯ ಹೆಣ್ಣುಮಗಳಾಕೆ. ಕೆಟ್ಟ ಜಠರ ಮತ್ತು ವಾಂತಿ ಈ ಕಾಯಿಲೆಯ ಚರಿತ್ರೆಯಲ್ಲಿ ಮೊದಲ ದಿನದಿಂದಲೂ ಇವೆ.

ಆದ್ದರಿಂದ ಆಪರೇಷನ್ ಆದವರಿಗೆ ಎರಡು-ಮೂರು ದಿನ ವಾಂತಿ ನಿಲ್ಲದಿದ್ದರೆ ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಊರಿನ ದವಾಖಾನೆಗೆ ಹೋದಾಗ ಸಲಾಯಿನ್ ಹಚ್ಚುವ ಮೊದಲೇ ಹೇಳಿ: “ಇವರ ಹೊಟ್ಟೆಯ ಆಪರೇಷನ್ ಆಗಿದೆ, ವಾಂತಿ ಬಹಳ ದಿನದಿಂದ ಇದೆ, ಗ್ಲೂಕೋಸಿಗಿಂತ ಮುಂಚೆ ಥಯಾಮಿನ್ ಬೇಕಾ ನೋಡಿರಿ ಸರ್.” ಹೀಗೆ ಕೇಳುವುದರಿಂದ ಯಾವ ವೈದ್ಯರಿಗೂ ಅವಮಾನವಾಗುವುದಿಲ್ಲ. ಕಣ್ಣು, ನಡಿಗೆ, ಮಾತಿನಲ್ಲಿ ಬದಲಾವಣೆ ಕಂಡರೆ ಅಲ್ಲೇ ಕಾಯದೆ ವಿಜಯಪುರದ ಅಥವಾ ಕಲಬುರಗಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಬೇಕು. ವಿಜಯಪುರದಲ್ಲಿ ಅಲ್-ಅಮೀನ್ ಇದೆ, ಬಿಎಲ್‌ಡಿಇ ಇದೆ.

ಎಷ್ಟು, ಯಾವಾಗ, ಯಾವುದರ ಜೊತೆ?

ಅಮೆರಿಕದ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘದ ಮಾರ್ಗಸೂಚಿಯನ್ನು ಹಲವು ದೇಶಗಳ ವೈದ್ಯರು ಬಳಸುತ್ತಾರೆ. ಅದರಂತೆ ದಿನಕ್ಕೆ ಬಿ12 ಬಾಯಿಯ ಮೂಲಕವಾದರೆ 350ರಿಂದ 1000 ಮೈಕ್ರೋಗ್ರಾಂ. ಎರಡೂವರೆ ಸಾಕೆಂದು ಮೇಲೆ ಹೇಳಿ ಇಲ್ಲಿ ಸಾವಿರವೇಕೆ? ಕೈಹಿಡಿಯುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ದೊಡ್ಡ ಪ್ರಮಾಣ ಕೊಟ್ಟಾಗ ನೂರರಲ್ಲಿ ಒಂದು ಪಾಲಿನಷ್ಟು ತಾನಾಗಿ ಒಳನುಸುಳುತ್ತದೆ. ಅದು ಸಾಕಾಗುತ್ತದೆ. ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್ ಒಳ್ಳೆಯ ದಾರಿ. ಚೀಟಿ ತೋರಿಸಿ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಳ್ಳಬಹುದು.

ಥಯಾಮಿನ್ ದಿನಕ್ಕೆ ಕನಿಷ್ಠ 12 ಮಿಲಿಗ್ರಾಂ. ಮುಟ್ಟಾಗುವ ಮಹಿಳೆಯರಿಗೆ ಮತ್ತು ಬೈಪಾಸ್ ಅಥವಾ ಸ್ಲೀವ್ ಆದವರಿಗೆ ಕಬ್ಬಿಣಾಂಶ 45ರಿಂದ 60 ಮಿಲಿಗ್ರಾಂ. ಕ್ಯಾಲ್ಸಿಯಂ 1200ರಿಂದ 1500 ಮಿಲಿಗ್ರಾಂ. ವಿಟಮಿನ್ ಡಿ ದಿನಕ್ಕೆ 3000 ಯೂನಿಟ್‌ನಿಂದ ಆರಂಭಿಸಿ ರಕ್ತಪರೀಕ್ಷೆ ನೋಡಿ ಹೊಂದಿಸುತ್ತಾರೆ. ಇವುಗಳ ಜೊತೆಗೆ ಸತುವು, ತಾಮ್ರ, ವಿಟಮಿನ್ ಎ ಮುಂತಾದವು ಇರುವ ಪೂರ್ಣ ಮಲ್ಟಿವಿಟಮಿನ್. ಅಂಗಡಿಯಲ್ಲಿ ಸುಮ್ಮನೆ ಕೊಡುವ ಹಳದಿ ಮೂತ್ರದ ಬಿ-ಕಾಂಪ್ಲೆಕ್ಸ್ ಇದಕ್ಕೆ ಬದಲಿಯಲ್ಲ, ಅದರಲ್ಲಿ ಕಬ್ಬಿಣಾಂಶವೂ ಕ್ಯಾಲ್ಸಿಯಮ್ಮೂ ವಿಟಮಿನ್ ಡಿಯೂ ಇರುವುದಿಲ್ಲ. ನಿಮ್ಮ ನಿಜವಾದ ಪ್ರಮಾಣ ನಿಮ್ಮ ವೈದ್ಯರ ಚೀಟಿಯಲ್ಲಿರುವುದೇ.

ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಸವತಿಯರಿದ್ದ ಹಾಗೆ, ಒಟ್ಟಿಗೆ ಕೂಡಿಸಬಾರದು. ನಡುವೆ ಕನಿಷ್ಠ ಎರಡು ತಾಸು ಅಂತರ ಬೇಕು. ಕ್ಯಾಲ್ಸಿಯಂ ಒಮ್ಮೆಗೆ 500–600 ಮಿಲಿಗ್ರಾಂಗಿಂತ ಹೆಚ್ಚು ನುಂಗಿದರೆ ಲಾಭವಿಲ್ಲ, ಹಂಚಿ ತೆಗೆದುಕೊಳ್ಳಬೇಕು. ಅದರಲ್ಲೂ ಎರಡು ಬಗೆ: ಕಾರ್ಬೊನೇಟ್ ಮತ್ತು ಸಿಟ್ರೇಟ್. ಕಾರ್ಬೊನೇಟ್ ಅಗ್ಗ, ಆದರೆ ಕರಗಲು ಆಮ್ಲ ಬೇಕು. ಇವರಲ್ಲಿ ಆಮ್ಲವೇ ಕಡಿಮೆ, ಹಾಗಾಗಿ ಸಿಟ್ರೇಟ್ ಮೇಲು. ಔಷಧ ಅಂಗಡಿಯಲ್ಲಿ ‘ಕ್ಯಾಲ್ಸಿಯಂ ಗುಳಿಗಿ’ ಎಂದು ಮಾತ್ರ ಕೇಳಿದರೆ ಕಾರ್ಬೊನೇಟ್ ಕೈಗೆ ಬರುವ ಸಂಭವವೇ ಹೆಚ್ಚು. ಚಹಾದಲ್ಲಿನ ಒಗರು ಕಬ್ಬಿಣಾಂಶವನ್ನು ಹಿಡಿದಿಡುತ್ತದೆ. ಚಹಾ ಬಿಡುವುದು ನಮ್ಮ ಕಡೆ ಸಾಧ್ಯವಿಲ್ಲದ ಮಾತು, ಕಬ್ಬಿಣಾಂಶದ ಮಾತ್ರೆಗೂ ಚಹಾಕ್ಕೂ ಎರಡು ತಾಸು ಅಂತರವಿಟ್ಟರೆ ಸಾಕು. ಲಿಂಬೆ ನೀರಿನೊಂದಿಗೆ ತೆಗೆದುಕೊಂಡರೆ ಅದು ಇನ್ನೂ ಚೆನ್ನಾಗಿ ಸೇರುತ್ತದೆ.

ಇಷ್ಟೆಲ್ಲ ನೆನಪಿಡುವುದು ಹೇಗೆ? ದಿನಕ್ಕೆ ಐದು ಸಲ ಬರುವ ಅಝಾನ್‌ಗಿಂತ ಒಳ್ಳೆಯ ಅಲಾರಂ ಯಾವುದಿದೆ? ಫಜ್ರ್ ಬಳಿಕ ಕಬ್ಬಿಣಾಂಶ, ಝುಹರ್ ಬಳಿಕ ಊಟದೊಂದಿಗೆ ಮಲ್ಟಿವಿಟಮಿನ್, ಅಸ್ರ್, ಮಗ್ರಿಬ್ ಮತ್ತು ಇಶಾದ ಬಳಿಕ ಒಂದೊಂದು ಕ್ಯಾಲ್ಸಿಯಂ ಎಂದು ಗೊತ್ತುಮಾಡಿಕೊಂಡರೆ ಅಂತರ ತಾನಾಗಿ ಸಿಗುತ್ತದೆ. ಮಲ್ಟಿವಿಟಮಿನ್‌ನಲ್ಲೂ ಕಬ್ಬಿಣಾಂಶವಿದ್ದರೆ ಅದಕ್ಕೂ ಕ್ಯಾಲ್ಸಿಯಮ್ಮಿಗೂ ಎರಡು ತಾಸಿನ ನಿಯಮ ಅನ್ವಯಿಸುತ್ತದೆ.

ಆಪರೇಷನ್ನಾದ ಮೂರನೇ ತಿಂಗಳಿನಿಂದ ಕೂದಲು ಉದುರುವುದು ಹೆಣ್ಣುಮಕ್ಕಳಿಗೆ ಬಹಳ ದುಃಖ ಕೊಡುವ ವಿಷಯ. ತೂಕ ಬೇಗ ಇಳಿದಾಗ ಹಾಗಾಗುತ್ತದೆ, ಹೆಚ್ಚಿನವರಲ್ಲಿ ಕೆಲ ತಿಂಗಳಲ್ಲಿ ಮತ್ತೆ ಬರುತ್ತದೆ. ಅದಕ್ಕೆಂದು ಯಾರೋ ಹೇಳಿದ ಸತುವಿನ ಮಾತ್ರೆಯನ್ನು ಮನಸ್ಸಿಗೆ ಬಂದಂತೆ ನುಂಗಬೇಡಿ, ಸತುವು ಹೆಚ್ಚಾದರೆ ತಾಮ್ರ ಕಡಿಮೆಯಾಗಿ ನರಕ್ಕೆ ಹಾನಿ. ಬದಲಿಗೆ ಪ್ರೋಟೀನ್ ನೋಡಿಕೊಳ್ಳಿ. ದಿನಕ್ಕೆ 60 ಗ್ರಾಂ ಆದರೂ ಬೇಕು. ಮೊಟ್ಟೆ, ಮೀನು, ಮೆತ್ತಗೆ ಬೇಯಿಸಿದ ಕೋಳಿ, ಮೊಸರು, ಮಡಕೆ ಕಾಳು, ಹೆಸರುಕಾಳಿನ ಪಲ್ಲೆ, ಝುಣಕ - ಇವನ್ನು ಮೊದಲು ತಿಂದು, ಜಾಗ ಉಳಿದರೆ ರೊಟ್ಟಿ.

ಕ್ಯಾಪ್ಸೂಲಿನ ಹೊದಿಕೆ ಹಲಾಲೇ?

ಹಲವರು ಮಾತ್ರೆ ಬಿಡಲು ಇದೂ ಒಂದು ಕಾರಣವಾಗಬಹುದು, ಆದ್ದರಿಂದ ಮರೆಮಾಚದೆ ಹೇಳಬೇಕು. ಕ್ಯಾಪ್ಸೂಲಿನ ಹೊದಿಕೆ ಮತ್ತು ಚಾಕಲೇಟಿನಂತೆ ಅಗಿಯುವ ‘ಗಮ್ಮಿ’ಗಳು ಹೆಚ್ಚಾಗಿ ಜೆಲಟಿನ್‌ನಿಂದ ಮಾಡಿದವು. ಜೆಲಟಿನ್ ಪ್ರಾಣಿಯ ಎಲುಬು, ಚರ್ಮದಿಂದ ಬರುತ್ತದೆ. ಯಾವ ಪ್ರಾಣಿ, ಹೇಗೆ ಕೊಯ್ದದ್ದು ಎಂಬುದು ಡಬ್ಬಿಯ ಮೇಲೆ ಇರುವುದು ವಿರಳ. ಹೀಗೆ ಪೂರ್ತಿ ರೂಪಾಂತರಗೊಂಡ ವಸ್ತುವಿನ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ರೂಪ ಬದಲಾದ ಮೇಲೆ ವಿಧಿಯೂ ಬದಲಾಗುತ್ತದೆ ಎಂಬ ‘ಇಸ್ತಿಹಾಲಾ’ ನಿಯಮದಡಿ ಕೆಲವರು ಅನುಮತಿಸುತ್ತಾರೆ, ಕೆಲವರು ಒಪ್ಪುವುದಿಲ್ಲ. ಅನಿವಾರ್ಯತೆಯಲ್ಲಿರುವವನಿಗೆ ರಿಯಾಯಿತಿ ಇದೆ ಎಂಬುದು ಸೂರಃ ಅಲ್ ಬಕರಃದಲ್ಲೇ ಇದೆ.

ಆದರೆ ನನ್ನ ಮಟ್ಟಿಗೆ ಈ ಪ್ರಶ್ನೆ ಹೆಚ್ಚಿನವರಿಗೆ ಏಳುವುದೇ ಬೇಡ. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ಮಲ್ಟಿವಿಟಮಿನ್ ಎಲ್ಲವೂ ಕ್ಯಾಪ್ಸೂಲ್ ಅಲ್ಲದ ಗುಳಿಗಿಯಾಗಿ ಸಿಗುತ್ತವೆ. ವಾರಕ್ಕೊಮ್ಮೆ ಕೊಡುವ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯಾಗಿಯೂ ಸಿಗುತ್ತದೆ, ದ್ರವವಾಗಿಯೂ ಸಿಗುತ್ತದೆ. ಆಹಾರ ಪೂರಕವಾಗಿ ಮಾರುವ ಡಬ್ಬಿಯ ಮೇಲೆ ಹಸಿರು ಗುರುತಿದ್ದರೆ ಅದರಲ್ಲಿ ಜೆಲಟಿನ್ ಇರುವುದಿಲ್ಲ. ಔಷಧವಾಗಿ ಮಾರುವ ಮಾತ್ರೆಗಳ ಮೇಲೆ ಈ ಗುರುತು ಇಲ್ಲದಿರಬಹುದು, ಆಗ ಅಂಗಡಿಯವರನ್ನು ಕೇಳಿ. ಸಸ್ಯಮೂಲದ ಕ್ಯಾಪ್ಸೂಲಿನ ಮೇಲೆ ‘ಎಚ್‌ಪಿಎಂಸಿ’ ಎಂದಿರುತ್ತದೆ. ದ್ರವರೂಪದ ಟಾನಿಕ್‌ಗಳಲ್ಲಿ ಕೆಲವಕ್ಕೆ ಆಲ್ಕೋಹಾಲ್ ಸೇರಿಸಿರುತ್ತಾರೆ, ಲೇಬಲ್ ಓದಿಕೊಳ್ಳಬೇಕು. ಅನುಮಾನ ಬಂದಾಗ ಮಾತ್ರೆ ಬಿಡುವುದಲ್ಲ, ಅದರ ರೂಪ ಬದಲಿಸಿಕೊಡಿ ಎಂದು ವೈದ್ಯರನ್ನು ಕೇಳುವುದು ಸರಿಯಾದ ದಾರಿ.

ರಮಝಾನ್ ಬಂದಾಗ

ಆಪರೇಷನ್ನಾದ ಮೊದಲ ತಿಂಗಳುಗಳಲ್ಲಿ ಉಪವಾಸ ಬೇಡ. ಗುಟುಕು ಗುಟುಕಾಗಿ ದಿನವಿಡೀ ನೀರು ಕುಡಿದರೂ ಸಾಲದ ಕಾಲ ಅದು. ಮೊದಲ ವರ್ಷವಿಡೀ ಬೇಡ ಎನ್ನುವ ವೈದ್ಯರೂ ಇದ್ದಾರೆ. ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ಅವಕಾಶವನ್ನು ಅಲ್ಲಾಹನೇ ಕೊಟ್ಟಿರುವಾಗ ‘ನನ್ನಿಂದ ಆಗುತ್ತದೆ’ ಎಂಬ ಹಠ ತರವಲ್ಲ. ಆನಂತರದ ವರ್ಷಗಳಲ್ಲಿ ವೈದ್ಯರ ಒಪ್ಪಿಗೆಯೊಂದಿಗೆ ಹಲವರು ಉಪವಾಸ ಹಿಡಿಯುತ್ತಾರೆ.

ಆಗ ಎಲ್ಲ ಮಾತ್ರೆಗಳನ್ನೂ ಇಫ್ತಾರ್ ಮತ್ತು ಸಹರಿಯ ನಡುವೆ ಜೋಡಿಸಬೇಕು. ಇಫ್ತಾರಿಗೆ ಒಂದು ಖರ್ಜೂರ, ನಾಲ್ಕು ಗುಟುಕು ನೀರು. ಮೂರು-ನಾಲ್ಕು ಖರ್ಜೂರ ತಿಂದು ಮೇಲೆ ರೂಹ್ ಅಫ್ಝಾ ಶರಬತ್ತು ಕುಡಿದರೆ, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಸಕ್ಕರೆ ಒಮ್ಮೆಲೇ ಕರುಳಿಗೆ ಧುಮುಕಿ ಎದೆ ಡವಡವ, ಬೆವರು, ತಲೆಸುತ್ತು, ಭೇದಿ. ಕರಿದ ಸಮೋಸಾದ ಕತೆಯೂ ಅದೇ. ಮಗ್ರಿಬ್ ನಮಾಝಿನ ಬಳಿಕ ಊಟ ಮತ್ತು ಮಲ್ಟಿವಿಟಮಿನ್, ತರಾವೀಹ್ ಮುಗಿಸಿ ಬಂದು ಒಂದು ಕ್ಯಾಲ್ಸಿಯಂ, ಮಲಗುವಾಗ ಇನ್ನೊಂದು, ಸಹರಿಗೆ ಎದ್ದ ಕೂಡಲೇ ಕಬ್ಬಿಣಾಂಶ. ಊಟದ ನಡುವೆ ನೀರು ಬೇಡ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಬಿ12 ಇಂಜೆಕ್ಷನ್ನಿನಿಂದ ಉಪವಾಸ ಮುರಿಯುತ್ತದೆಯೇ ಎಂದು ಚರ್ಚಿಸುವ ಬದಲು ರಾತ್ರಿಯೇ ಹಾಕಿಸಿಕೊಂಡರಾಯಿತು, ಅಥವಾ ರಮಝಾನ್‌ಗೆ ಎರಡು ದಿನ ಮುಂಚೆ.

ಮದುವೆ, ಬಸಿರು

ತೂಕ ಇಳಿದಂತೆ ಪಿಸಿಒಡಿ ಇದ್ದವರಿಗೂ ಮುಟ್ಟು ಸರಿಯಾಗಿ, ನಿರೀಕ್ಷೆಗಿಂತ ಬೇಗ ಗರ್ಭ ನಿಲ್ಲಬಹುದು. ಸಂತೋಷವೇ. ಆದರೆ ಆಪರೇಷನ್ನಾಗಿ 12ರಿಂದ 18 ತಿಂಗಳ ತನಕ ಕಾಯಬೇಕೆಂದು ವೈದ್ಯರು ಹೇಳುತ್ತಾರೆ. ತಾಯಿಗೇ ಸಾಲದಿರುವಾಗ ಮಗುವಿಗೆಲ್ಲಿಂದ? ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಸೇರದೆ ವಿಫಲವಾಗಬಹುದು, ಬೇರೆ ವಿಧಾನದ ಬಗ್ಗೆ ಗಂಡಹೆಂಡತಿ ಕೂಡಿ ವೈದ್ಯರನ್ನು ಕೇಳಬೇಕು. ಗರ್ಭ ನಿಂತ ಮೇಲೆ ಶಕ್ತಿಗೆಂದು ಕಲೇಜಿ ಪದೇ ಪದೇ ತಿನ್ನಿಸಬೇಡಿ, ಅದರಲ್ಲಿ ವಿಟಮಿನ್ ಎ ಅತಿಯಾಗಿದ್ದು ಭ್ರೂಣಕ್ಕೆ ಕೆಡುಕು. ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಯೂ ಇವರಿಗೆ ಹೊಂದುವುದಿಲ್ಲ, ನರ್ಸ್‌ಗೆ ಮೊದಲೇ ತಿಳಿಸಿ, ಬೇರೆ ರೀತಿಯಲ್ಲಿ ಸಕ್ಕರೆ ನೋಡುತ್ತಾರೆ. ಬಿ12 ಇಲ್ಲದ ತಾಯಿಯ ಹಾಲಿನಲ್ಲೂ ಅದು ಇರುವುದಿಲ್ಲ, ಹಾಲು ಕುಡಿಯುವ ಕೂಸು ಮಂಕಾಗಿ ಬೆಳವಣಿಗೆ ಕುಂಠಿತವಾಗಬಹುದು.

ಇದಕ್ಕಿಂತ ಕಷ್ಟದ್ದು ಗುಟ್ಟು. ಮದುವೆಗೆ ಮೊದಲು ಆಪರೇಷನ್ ಆದ ಹುಡುಗಿಯ ಮನೆಯವರು ಸಂಬಂಧ ತಪ್ಪೀತೆಂದು ಮುಚ್ಚಿಟ್ಟರೆ, ಅತ್ತೆಮನೆಯಲ್ಲಿ ಆಕೆ ದಿನಕ್ಕೆ ಐದಾರು ಮಾತ್ರೆಗಳನ್ನು ಯಾರ ಕಣ್ಣಿಗೂ ಬೀಳದಂತೆ ನುಂಗಬೇಕು. ಎಷ್ಟು ದಿನ ಸಾಧ್ಯ? ಒಂದು ದಿನ ಬಿಟ್ಟೇಬಿಡುತ್ತಾಳೆ. ನಿಕಾಹ್‌ಗೆ ಮೊದಲೇ ಎರಡೂ ಮನೆಯವರ ನಡುವೆ ಈ ಮಾತು ಆಗಿಬಿಡುವುದು ಆಕೆಯ ಆರೋಗ್ಯಕ್ಕೂ ಮುಂದಿನ ಮಕ್ಕಳಿಗೂ ಒಳ್ಳೆಯದು.

ಖರ್ಚಿನ ಮಾತು

ಆಪರೇಷನ್ನಿಗೆ ಲಕ್ಷಗಟ್ಟಲೆ ಹೊಂದಿಸುವ ಕುಟುಂಬ ತಿಂಗಳ ಮಾತ್ರೆಯ ಖರ್ಚಿಗೆ ಬೇಸರಿಸುತ್ತದೆ. ಬೇರಿಯಾಟ್ರಿಕ್ ಎಂದು ಬರೆದ ಅಗಿಯುವ ಮಾತ್ರೆಗಳು ದುಬಾರಿ, ನಿಜ. ವೈದ್ಯರಿಗೆ ಕಷ್ಟ ಹೇಳಿಕೊಂಡರೆ ಅದೇ ಅಂಶಗಳ ಸಾಮಾನ್ಯ ಮಾತ್ರೆಗಳನ್ನು ಹೊಂದಿಸಿ ಬರೆದುಕೊಡುತ್ತಾರೆ. ಜನೌಷಧಿ ಕೇಂದ್ರದಲ್ಲಿ ಅವು ಕಡಿಮೆ ಬೆಲೆಗೆ ಸಿಗಬಹುದು. ಬೈತುಲ್‌ಮಾಲ್ ನಡೆಸುವವರೂ ಒಮ್ಮೆ ಕೊಡುವ ಆಪರೇಷನ್ ಸಹಾಯದ ಜೊತೆಗೆ ಬಡ ರೋಗಿಯ ತಿಂಗಳ ಮಾತ್ರೆಯ ಬಗ್ಗೆಯೂ ಯೋಚಿಸಬೇಕು.

ರಕ್ತಪರೀಕ್ಷೆ ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ, ಜೀವನಪೂರ್ತಿ. ಬರೀ ಹಿಮೋಗ್ಲೋಬಿನ್ ಸಾಲದು. ಫೆರಿಟಿನ್, ಬಿ12, ವಿಟಮಿನ್ ಡಿ, ಪಿಟಿಎಚ್ ಕೂಡ ಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದೆ ಎಂದು ರಿಪೋರ್ಟ್ ಬಂದರೂ ನಂಬುವಂತಿಲ್ಲ, ಕಡಿಮೆಯಾದಾಗ ದೇಹ ಎಲುಬಿನಿಂದ ಕಿತ್ತು ರಕ್ತಕ್ಕೆ ಸುರಿಯುತ್ತಿರುತ್ತದೆ. ಪಿಟಿಎಚ್ ಏರಿದ್ದರೆ ಆ ಕಳ್ಳತನ ಗೊತ್ತಾಗುತ್ತದೆ. ಮನೆಯೊಳಗೇ ಇರುವ, ಹೊರಗೆ ಹೋದರೂ ಮೈ ಮುಚ್ಚಿಕೊಳ್ಳುವ ಮಹಿಳೆಯರಿಗೆ ಬಿಸಿಲಿನ ವಿಟಮಿನ್ ಡಿ ಮೊದಲೇ ಕಡಿಮೆ, ಇದನ್ನು ನೆನಪಿಡಬೇಕು.

ಕೊನೆಗೆ ಒಂದು ಚೀಟಿ. ಅಂಗೈಯಗಲದ ಕಾಗದದಲ್ಲಿ ಕನ್ನಡದಲ್ಲೇ ಬರೆದು ಪರ್ಸಿನಲ್ಲಿ, ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ: ಯಾವ ಆಪರೇಷನ್, ಯಾವ ದಿನಾಂಕ, ಯಾವ ಆಸ್ಪತ್ರೆ, ವೈದ್ಯರ ಫೋನ್ ನಂಬರು. ಅದರ ಕೆಳಗೆ ಎರಡು ಸಾಲು. ಒಂದು, “ವಾಂತಿ ಇದ್ದಾಗ ಗ್ಲೂಕೋಸಿಗೆ ಮುಂಚೆ ಥಯಾಮಿನ್ ವಿಚಾರಿಸಿ.” ಇನ್ನೊಂದು, “ವೈದ್ಯರನ್ನು ಕೇಳದೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೊಡಬೇಡಿ, ಹುಣ್ಣಾಗುತ್ತದೆ.” ಇನ್ನೊಂದು ಪ್ರತಿಯನ್ನು ಗಂಡನ ಅಥವಾ ಮಗನ ಫೋನಿನಲ್ಲಿ ಫೋಟೋ ತೆಗೆದಿಡಬೇಕು.